ಎಡಗಾಲಿಗೂ ಒಂದು ವಿದ್ಯೆ

ಹೊಸ್ತಿಲನ್ನು ಬಲಗಾಲಿಟ್ಟು ದಾಟುವುದು ನಮ್ಮ ಪದ್ಧತಿ. ಎಡಗಾಲಿಗೆ ಆ ಮರ್ಯಾದೆಯಿಲ್ಲ. ಕಾರು ನಡೆಸುವಲ್ಲಿಯೂ ಹೀಗೆಯೇ. ವೇಗ ಹೆಚ್ಚಿಸುವುದೂ ಬ್ರೇಕು ಒತ್ತುವುದೂ ಬಲಗಾಲಿನ ಅಧಿಕಾರ. ಎಡಗಾಲು ಕ್ಲಚ್ಚನ್ನು ಒತ್ತಿ ಬಿಟ್ಟು ಸುಮ್ಮನಿರಬೇಕು. ಆದರೆ ಮಣ್ಣಿನ ಬಯಲಿನಲ್ಲಿ ಗಡಿಯಾರದೊಡನೆ ಪಂತ ಕಟ್ಟಿ ಓಡುವ ‘ಆಟೋಕ್ರಾಸ್’ ಪಂದ್ಯದಲ್ಲಿ ಈ ಎಡಗಾಲೇ ಗೆಲುವನ್ನು ನಿರ್ಣಯಿಸುವುದುಂಟು.

ಬೆಂಗಳೂರಿಗೆ ಈ ಹವ್ಯಾಸ ಹೊಸದಲ್ಲ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ‘ಕೆ-1000’ ರ‍್ಯಾಲಿಯ ಹೆಸರನ್ನು ಕೇಳದ ಮೋಟಾರುಪ್ರಿಯರು ಇಲ್ಲಿ ವಿರಳ. ಆಟೋಕ್ರಾಸ್ ಅದರ ಮೊದಲ ಪಾಠಶಾಲೆ. ಸಾಮಾನ್ಯವಾಗಿ ಒಂದೊಂದೇ ಕಾರು ಹೊರಡುತ್ತದೆ. ದಾರಿಯ ಗುರುತಿಗೆ ತಗುಲಿದರೆ ದಂಡವಾಗಿ ಸೆಕೆಂಡುಗಳನ್ನು ಕೂಡಿಸುತ್ತಾರೆ.

ಅಂಬಾಸಿಡರ್, ಪದ್ಮಿನಿ ಕಾರುಗಳಲ್ಲಿ ಎಂಜಿನ್ನಿನ ಶಕ್ತಿ ಹಿಂದಿನ ಚಕ್ರಗಳಿಗೆ ಹೋಗುತ್ತಿತ್ತು. 1983ರಲ್ಲಿ ಬಂದ ಮಾರುತಿ 800ರಲ್ಲಿ ಮುಂದಿನ ಚಕ್ರಗಳೇ ಕಾರನ್ನು ಎಳೆದವು. ಇಂತಹ ಕಾರು ಸಡಿಲ ಮಣ್ಣಿನ ತಿರುವಿನಲ್ಲಿ ಮೂತಿಯನ್ನು ತಿರುಗಿಸದೆ ನೇರವಾಗಿ ಜಾರಲು ಹವಣಿಸುತ್ತದೆ. ಆಗ ಬಲಗಾಲನ್ನು ಆಕ್ಸಿಲರೇಟರಿನಿಂದ ತೆಗೆಯದೆಯೇ ಎಡಗಾಲಿನಿಂದ ಬ್ರೇಕನ್ನು ಮೃದುವಾಗಿ ಒತ್ತಬೇಕು. ಮುಂದಿನ ಚಕ್ರಗಳು ಎಂಜಿನ್ನಿನ ಬಲದಿಂದ ಉರುಳುತ್ತಲೇ ಇರುತ್ತವೆ. ಭಾರ ಮುಂದಕ್ಕೆ ವಾಲಿ, ಹಗುರಾದ ಹಿಂಭಾಗ ಹೊರಕ್ಕೆ ಜಾರಿ, ಮೂತಿ ತಿರುವಿನೊಳಕ್ಕೆ ಹೊರಳುತ್ತದೆ. ಇಂತಹ ಪಂದ್ಯದ ಬಹುಭಾಗ ಎರಡನೆಯ ಗೇರಿನಲ್ಲಿಯೇ ಸಾಗುವುದರಿಂದ ಎಡಗಾಲಿಗೆ ಬಿಡುವೂ ಉಂಟು. ಕಾಲು ಬದಲಿಸಲು ಕಾಲು ಸೆಕೆಂಡು ಹಿಡಿಯಿತೆನ್ನೋಣ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಅಷ್ಟರೊಳಗೆ ಕಾರು 4 ಮೀಟರು ಮುಂದೆ ಹೋಗಿರುತ್ತದೆ!

ಈ ವಿದ್ಯೆಯನ್ನು ಲೋಕಕ್ಕೆ ತೋರಿದವರಲ್ಲಿ ಸ್ವೀಡನ್ನಿನ ಎರಿಕ್ ಕಾರ್ಲ್‌ಸನ್ ಪ್ರಮುಖರು. ಪುಟ್ಟ ಸಾಬ್ ಕಾರಿನ ಅಲ್ಪಶಕ್ತಿಯ ಎಂಜಿನ್ನು ತಿರುವಿನಲ್ಲಿ ಕುಗ್ಗದಂತೆ ಕಾಯ್ದುಕೊಂಡು, ಅವರು 1960ರಿಂದ 1962ರವರೆಗೆ ಬ್ರಿಟನ್ನಿನ ಆರ್.ಎ.ಸಿ. ರ‍್ಯಾಲಿಯನ್ನು ಸತತ ಮೂರು ಸಲ, 1962 ಮತ್ತು 1963ರಲ್ಲಿ ಮಾಂಟೆ ಕಾರ್ಲೋ ರ‍್ಯಾಲಿಯನ್ನು ಗೆದ್ದರು. ಫಿನ್ಲೆಂಡಿನ ರೌನೊ ಆಲ್ಟೊನೆನ್ 1967ರಲ್ಲಿ ಮಾಂಟೆ ಕಾರ್ಲೋ ಗೆದ್ದದ್ದು ಮಿನಿ ಕೂಪರ್ ಕಾರಿನಲ್ಲಿ. ಅದೂ ಮುಂದಿನ ಚಕ್ರಗಳೇ ಎಳೆಯುವ ಕಾರು.

ಆದರೆ ಕಲಿಕೆ ಸುಲಭವಲ್ಲ. ವರ್ಷಗಟ್ಟಲೆ ಕ್ಲಚ್ಚನ್ನು ತಳದವರೆಗೆ ತುಳಿದ ಎಡಗಾಲಿಗೆ ಮೃದುತ್ವವೆಂಬುದೇ ತಿಳಿಯದು. ಮೊದಲ ಸಲ ಬ್ರೇಕನ್ನು ಮುಟ್ಟಿದೊಡನೆ ಕಾರು ಗಕ್ಕನೆ ನಿಂತು, ಚಾಲಕನ ದೇಹ ಬೆಲ್ಟಿಗೆ ಅಪ್ಪಳಿಸುತ್ತದೆ. ಎರಡನ್ನೂ ಬಹಳ ಹೊತ್ತು ಒತ್ತಿ ಹಿಡಿದರೆ ಬ್ರೇಕು ಕಾದು ಬಲಗುಂದುತ್ತದೆ. ಆದುದರಿಂದಲೇ ಈ ಅಭ್ಯಾಸಕ್ಕೆ ಸ್ಥಳ ಮುಚ್ಚಿದ ಅಂಗಳ. ತಲೆಗೆ ಹೆಲ್ಮೆಟ್ಟು, ಪಕ್ಕದಲ್ಲಿ ಬಲ್ಲವರು ಇರಬೇಕು.

ಭಾನುವಾರ ಧೂಳೆಬ್ಬಿಸಿ ಬಂದ ಕಲ್ಯಾಣ ನಗರದ ತರುಣನು ಸೋಮವಾರ ಹೊರವರ್ತುಲ ರಸ್ತೆಗೆ ಇಳಿಯಲೇಬೇಕು. ಅಲ್ಲಿ ಮುಂದೆ ಬಸ್ಸು, ಪಕ್ಕದಲ್ಲಿ ಆಟೋರಿಕ್ಷಾ, ನಡುವೆ ಶಾಲೆಯ ಮಗು. ಕ್ಲಚ್ಚೆಂದು ಭ್ರಮಿಸಿ ಎಡಗಾಲು ಬ್ರೇಕನ್ನು ತುಳಿದರೆ ಹಿಂದಿನವನ ಗತಿಯೇನು? ಅಂಗಳದಲ್ಲಿ ಕಲಿತದ್ದನ್ನು ಅಂಗಳದಲ್ಲಿಯೇ ಬಿಟ್ಟು ಬರಬಲ್ಲವನಿಗೆ ಮಾತ್ರ ಈ ವಿದ್ಯೆ ಶೋಭಿಸುತ್ತದೆ. ಬೀದಿಯಲ್ಲಿ ಎಡಗಾಲು ಮತ್ತೆ ತನ್ನ ಹಳೆಯ ಕೆಲಸಕ್ಕೇ ಮರಳಬೇಕು.