ಬ್ಯಾಂಡಿನ ಒಂದು ತುದಿ ಅವರ ಕೈಲಿರಲಿ!

ಗ್ಯಾಸ್ ಸಿಲಿಂಡರ್ ಜರುಗಿಸೋದು, ನೀರಿನ ಕ್ಯಾನ್ ಎತ್ತೋದು, ಬಗ್ಗಿ ನೆಲ ಒರೆಸೋದು... ಇಷ್ಟೆಲ್ಲ ಮಾಡೋ ಗೃಹಿಣಿಗೆ ಬೇರೆ ವ್ಯಾಯಾಮ ಯಾಕೆ ಅಂತ ಕೇಳುವವರೇ ಹೆಚ್ಚು. ಆದರೆ ಮನೆಗೆಲಸದಲ್ಲಿ ನಾವು ದಿನವಿಡೀ ಮುಂದಕ್ಕೇ ಬಗ್ಗಿರುತ್ತೇವೆ. ಅದರಿಂದ ಬೆನ್ನು ದಣಿಯುತ್ತದೆಯೇ ಹೊರತು ಗಟ್ಟಿಯಾಗುವುದಿಲ್ಲ. ಇಡೀ ದಿನ ಕಂಪ್ಯೂಟರ್ ಮುಂದೆ ಕೂತು ಬರುವ ಯಜಮಾನರ ಬೆನ್ನಿನ ಕತೆಯೂ ಇದೇ. ಒಂದೇ ನೋವಿನ ಮುಲಾಮನ್ನು ಇಬ್ಬರೂ ಹಚ್ಚಿಕೊಳ್ಳುವ ಬದಲು ಒಂದು ರೆಸಿಸ್ಟೆನ್ಸ್ ಬ್ಯಾಂಡನ್ನು ಹಂಚಿಕೊಂಡು ನೋಡಿ.

ಇದು ರಬ್ಬರಿನ ಉದ್ದನೆಯ ಪಟ್ಟಿ. ಎಳೆದಷ್ಟೂ ಬಿಗಿಯಾಗುತ್ತದೆ. ಬಣ್ಣಕ್ಕೊಂದು ಬಿಗಿ, ಆದರೆ ಈ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ. ಪ್ಯಾಕೆಟ್ ಓದಿ, ಮೊದಲಿಗೆ ಹಗುರವಾದದ್ದನ್ನೇ ತನ್ನಿ.

ಬೆನ್ನಿಗೆ ಮೊದಲು ದೋಣಿ ಹುಟ್ಟು ಹಾಕುವ ವ್ಯಾಯಾಮ. ಎದುರುಬದುರು ನಿಂತು, ಬ್ಯಾಂಡಿನ ಮಧ್ಯಭಾಗವನ್ನು ಅವರು ಸೊಂಟದೆತ್ತರಕ್ಕೆ ಎರಡೂ ಕೈಲಿ ಗಟ್ಟಿಯಾಗಿ ಹಿಡಿಯಲಿ. ಎರಡು ತುದಿ ನಿಮ್ಮ ಕೈಲಿ. ಮಂಡಿ ಸ್ವಲ್ಪ ಮಡಿಸಿ, ಮೊಣಕೈಗಳನ್ನು ಪಕ್ಕೆಗೆ ಸವರಿಕೊಂಡೇ ಹಿಂದಕ್ಕೆ ಎಳೆಯಿರಿ. ಬೆನ್ನಿನ ಎರಡೂ ರೆಕ್ಕೆ ಮೂಳೆಗಳು ಹತ್ತಿರ ಬರಬೇಕು. ಮೂರು ಎಣಿಸುತ್ತಾ ನಿಧಾನ ಸಡಿಲಿಸಿ. ಹತ್ತು ಸಲ ಆದ ಮೇಲೆ ಸರದಿ ಬದಲು. ಭುಜ ಕಿವಿಯ ಕಡೆಗೆ ಏರಿದರೆ ನಮಗೆ ಗೊತ್ತೇ ಆಗಲ್ಲ, ಎದುರಿಗಿದ್ದವರಿಗೆ ಕಾಣುತ್ತೆ. ಜೋಡಿಯಾಗಿ ಮಾಡುವ ಲಾಭವೇ ಅದು.

ಹೊಟ್ಟೆ, ನಡುವಿಗೆ ಪ್ಯಾಲಫ್ ಪ್ರೆಸ್ ಅಂತೊಂದಿದೆ. ಅಮೆರಿಕದ ಫಿಸಿಯೋಥೆರಪಿಸ್ಟ್ ಜಾನ್ ಪ್ಯಾಲಫ್ ಅವರಿಂದ ಬಂದ ಹೆಸರು. ಅವರು ನಿಮ್ಮ ಪಕ್ಕದಲ್ಲಿ ಎರಡು ಹೆಜ್ಜೆ ದೂರ ನಿಂತು ಬ್ಯಾಂಡಿನ ಒಂದು ತುದಿ ಹಿಡಿಯಲಿ. ನೀವು ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಎದೆಯ ಹತ್ತಿರ ಹಿಡಿದು, ನೇರ ಮುಂದಕ್ಕೆ ಕೈ ಚಾಚಿ. ಬ್ಯಾಂಡು ನಿಮ್ಮನ್ನು ಅವರ ಕಡೆ ತಿರುಗಿಸಲು ನೋಡುತ್ತದೆ. ತಿರುಗಬೇಡಿ, ಅಷ್ಟೇ! ಐದು ಎಣಿಸಿ ಕೈ ಒಳಗೆ ತನ್ನಿ. ಎಂಟು ಸಲ ಮಾಡಿ, ಆಮೇಲೆ ಇನ್ನೊಂದು ಪಕ್ಕ. ನೋಡುವವರಿಗೆ ಸುಮ್ಮನೆ ನಿಂತಂತೆ ಕಾಣುತ್ತದೆ, ಆದರೆ ಹೊಟ್ಟೆಯ ಸುತ್ತ ನಡುಪಟ್ಟಿಯಂತಿರುವ ಸ್ನಾಯುಗಳು ಪೂರ್ತಿ ಬಿಗಿದಿರುತ್ತವೆ. ಒಂದೇ ಕೈಲಿ ತುಂಬಿದ ಬಕೆಟ್ ಹಿಡಿದು ವಾಲದೆ ನಡೀತೀವಲ್ಲ, ಆಗ ಬೇಕಾಗುವುದೂ ಈ ಶಕ್ತಿಯೇ. ಹಾಗಾಗಿ ಒಂದನ್ನೇ ಮಾಡಲು ಸಮಯವಿದ್ದರೆ ನಾನು ಇದನ್ನೇ ಹೇಳುವುದು.

ಉಸಿರು ಮಾತ್ರ ಕಟ್ಟಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಪ್ರಕಾರ ಸ್ನಾಯು ಬಲಪಡಿಸುವ ವ್ಯಾಯಾಮ ವಾರಕ್ಕೆ ಕನಿಷ್ಠ ಎರಡು ದಿನ ಬೇಕು.

ಇನ್ನು ಹಿಡಿದು ನಿಲ್ಲುವವರಿಗೆ ಒಂದು ಮಾತು. ಇದು ಹಗ್ಗಜಗ್ಗಾಟ ಅಲ್ಲ ಸ್ವಾಮಿ! ನಿಮ್ಮ ಕೆಲಸ ಕಂಬದಂತೆ ನಿಲ್ಲುವುದು, ಎಳೆಯುವುದಲ್ಲ. ಫೋನ್ ಬಂತು ಅಂತ ಕೈ ಬಿಟ್ಟರೆ ಪಟ್ಟಿ ಚಟೀರನೆ ಮುಖಕ್ಕೆ, ಕಣ್ಣಿಗೆ ಬಡಿಯುತ್ತದೆ. ತುದಿಯನ್ನು ಅಂಗೈಗೆ ಒಂದು ಸುತ್ತು ಸುತ್ತಿಕೊಳ್ಳಿ. ಈ ಕಾರಣಕ್ಕೇ ಪುಟ್ಟ ಮಕ್ಕಳ ಕೈಗೆ ಕೊಡುವುದು ಬೇಡ. ಯಜಮಾನರು ಒಪ್ಪದಿದ್ದರೆ ನಾದಿನಿಯೋ ಪಕ್ಕದ ಮನೆಯ ಗೆಳತಿಯೋ ಆದೀತು.

ನೋವು ಕಾಲಿಗಿಳಿದು ಜೋಮು ಹಿಡಿಯುತ್ತಿದ್ದರೆ, ಡಿಸ್ಕ್ ತೊಂದರೆಯಿದ್ದರೆ, ಗರ್ಭಿಣಿಯಾಗಿದ್ದರೆ, ಸಿಸೇರಿಯನ್ ಆಗಿ ಹೆಚ್ಚು ದಿನವಾಗಿಲ್ಲದಿದ್ದರೆ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಕೆಲವರಿಗೆ ಲೇಟೆಕ್ಸ್ ರಬ್ಬರಿನ ಅಲರ್ಜಿ ಇರುತ್ತದೆ, ಅವರಿಗೆ ಲೇಟೆಕ್ಸ್ ಇಲ್ಲದ ಬ್ಯಾಂಡು ಸಿಗುತ್ತದೆ.

ಬ್ಯಾಂಡನ್ನು ಬಟ್ಟೆ ಒಣಗಿಸುವ ತಂತಿಯ ಮೇಲೆ ಬಿಸಿಲಿಗೆ ಹಾಕಬೇಡಿ, ರಬ್ಬರು ಹಾಳಾಗುತ್ತದೆ. ಪ್ರತಿಸಲ ಬೆಳಕಿಗೆ ಹಿಡಿದು ನೋಡಿ. ಸಣ್ಣ ಸೀಳು ಕಂಡರೂ ಎಸೆದುಬಿಡಿ.