ದಾಳವೋ ಜಾಣ್ಮೆಯೋ: ಯುದ್ಧ ಮುಗಿದ ಮೇಲಿನ ಆಟ

ಅದೃಷ್ಟವೂ ಜಾಣ್ಮೆಯೂ ಬೆರೆತ ಆಟದಲ್ಲಿ ಯಾವುದರ ಪಾಲು ಹೆಚ್ಚು? ನಮ್ಮ ದೇಶದಲ್ಲಿ ಈ ಪ್ರಶ್ನೆ ಒಮ್ಮೆ ಕಟಕಟೆ ಹತ್ತಿದ್ದು ಚೆನ್ನೈನ ಗಿಂಡಿ ರೇಸ್ ಕೋರ್ಸಿನ ದೆಸೆಯಿಂದ. ಕುದುರೆ ಪಂದ್ಯ ನಿಲ್ಲಿಸಲು ತಮಿಳುನಾಡು 1974ರಲ್ಲಿ ಕಾನೂನು ಮಾಡಿತು. ಗಿಂಡಿಯಲ್ಲಿ ಪಂದ್ಯ ನಡೆಸುತ್ತಿದ್ದ ಮದ್ರಾಸ್ ರೇಸ್ ಕ್ಲಬ್ಬಿನ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 1996ರ ಜನವರಿಯಲ್ಲಿ ತೀರ್ಪು ಬಂತು. ಕುದುರೆಯ ತಳಿ, ತರಬೇತಿ, ಸವಾರನ ಕೈಚಳಕ ಇವನ್ನೆಲ್ಲ ಅಳೆದು ತೂಗಿ ಬಾಜಿ ಕಟ್ಟುವ ಈ ಆಟದಲ್ಲಿ ಜಾಣ್ಮೆಯ ಪಾಲೇ ದೊಡ್ಡದು, ಹಾಗಾಗಿ ಇದು ಜೂಜಲ್ಲ ಎಂದಿತು ನ್ಯಾಯಾಲಯ. 2022ರ ಫೆಬ್ರವರಿಯಲ್ಲಿ ಕರ್ನಾಟಕ ಹೈಕೋರ್ಟ್ ಆನ್‌ಲೈನ್ ಆಟಗಳ ಮೇಲಿನ ರಾಜ್ಯದ ನಿಷೇಧವನ್ನು ತಳ್ಳಿಹಾಕಿದಾಗಲೂ ಚರ್ಚೆ ಇದೇ ಅಳತೆಗೋಲಿನ ಸುತ್ತ ನಡೆದಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಮಟ್ಟಿಗೆ 2025ರ ಕೇಂದ್ರ ಕಾಯ್ದೆ ಆ ಭೇದವನ್ನೇ ಬದಿಗಿಟ್ಟಿದೆ.

ಕಾನೂನು ಕೈಬಿಟ್ಟರೇನು, ಗಣಿತಕ್ಕೆ ಈ ಪ್ರಶ್ನೆ ಇನ್ನೂ ಸಪ್ಪೆಯಾಗಿಲ್ಲ. ಅದನ್ನು ಪರೀಕ್ಷಿಸಲು ಬಾಜಿಯ ಗೊಡವೆಯಿಲ್ಲದ ಒಂದು ಪ್ರಯೋಗಶಾಲೆಯೂ ಇದೆ: ಕತ್ತಿ, ಮಂತ್ರ, ಡ್ರ್ಯಾಗನ್ನುಗಳ ಲೋಕದಲ್ಲಿ ನಡೆಯುವ ರೋಲ್ ಪ್ಲೇಯಿಂಗ್ ವಿಡಿಯೊ ಗೇಮುಗಳು. ಇವುಗಳ ಮೂಲಪುರುಷನಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನಾಟ ಅಮೆರಿಕದಲ್ಲಿ ಪ್ರಕಟವಾದದ್ದೂ 1974ರಲ್ಲೇ. ಇಲ್ಲಿ ಒಂದು ಸರ್ಕಾರ ಅದೃಷ್ಟದಾಟದ ಬಾಗಿಲು ಮುಚ್ಚಲು ಹೊರಟ ವರ್ಷ, ಅಲ್ಲಿ ಇಬ್ಬರು ಆಟಪ್ರೇಮಿಗಳು ದಾಳಕ್ಕೆ ಹೊಸ ಉದ್ಯೋಗ ಕೊಟ್ಟರು.

ಇಂಥ ಆಟಗಳಲ್ಲಿ ‘ಟ್ಯಾಕ್ಟಿಕಲ್’ ಎನ್ನುವ ಬಗೆ ನೋಡಲು ಚದುರಂಗದ ಹಾಗೆ. ಮನೆಗಳ ಹಾಸು, ಅದರ ಮೇಲೆ ನಿಮ್ಮ ಐದಾರು ಜನ: ಒಬ್ಬ ಗುರಾಣಿಯವನು, ಒಬ್ಬಳು ಬಿಲ್ಲುಗಾರ್ತಿ, ಒಬ್ಬ ಮಂತ್ರವಾದಿ, ಗಾಯ ಮಾಯಿಸುವವಳೊಬ್ಬಳು. ಒಂದು ಸರದಿ ನಿಮ್ಮದು, ಒಂದು ಶತ್ರುವಿನದು. ಚದುರಂಗಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವೆಂದರೆ ಇಲ್ಲಿ ಆನೆ ಕುದುರೆಯನ್ನು ಕಡಿಯಹೊರಟರೆ ಕಡಿದೇ ತೀರುತ್ತದೆ ಎಂಬ ಖಾತ್ರಿಯಿಲ್ಲ. ಬಾಣ ಬಿಡುವ ಮುನ್ನ ಪರದೆಯ ಮೇಲೆ ಒಂದು ಸಂಖ್ಯೆ ಕಾಣುತ್ತದೆ: ತಗಲುವ ಸಂಭವ ಶೇ 90. ಒಪ್ಪಿ ಗುಂಡಿ ಒತ್ತಿದಿರಿ, ಬಾಣ ತಪ್ಪಿತು. ಆಗ ಬರುವ ಸಿಟ್ಟು ಆಡಿದವರಿಗೇ ಗೊತ್ತು.

ಶೇ 90 ಎಂದರೆ ಹತ್ತರಲ್ಲಿ ಒಂದು ತಪ್ಪುತ್ತದೆ ಎಂದೇ ಅರ್ಥ. ಲೆಕ್ಕಕ್ಕೆ ಒಪ್ಪಿಗೆಯಾದ ಮಾತು ಮನಸ್ಸಿಗೆ ಒಪ್ಪಿಗೆಯಾಗುವುದಿಲ್ಲ. ತೊಂಬತ್ತನ್ನು ಕಂಡಾಗ ಅದು ‘ಖಂಡಿತ’ ಎಂದೇ ಓದಿಕೊಳ್ಳುತ್ತದೆ. ಜಪಾನಿನ ‘ಫೈರ್ ಎಂಬ್ಲಮ್’ ಸರಣಿ 1990ರಿಂದ ನಡೆದುಬಂದಿದೆ. ಅದರ ತಯಾರಕರು ಈ ಮನೋಧರ್ಮಕ್ಕೆ ಗುಟ್ಟಾಗಿ ಶರಣಾದರು. 2002ರ ‘ದಿ ಬೈಂಡಿಂಗ್ ಬ್ಲೇಡ್’ ಆಟದಿಂದ ಯಂತ್ರ ಒಂದರ ಬದಲು ಎರಡು ಸಂಖ್ಯೆಗಳನ್ನು ಎತ್ತಿ ಅವುಗಳ ಸರಾಸರಿ ನೋಡತೊಡಗಿತು. ಸೊನ್ನೆಯಿಂದ 99ರವರೆಗಿನ ಎರಡು ಸಂಖ್ಯೆಗಳ ಸರಾಸರಿ ನಡುಮಧ್ಯಕ್ಕೆ ಗುಂಪುಗೂಡುತ್ತದೆ, ತುದಿಗಳಿಗೆ ಹೋಗುವುದು ಅಪರೂಪ. ಹಾಗಾಗಿ ಪರದೆಯಲ್ಲಿ 90 ಎಂದು ಕಂಡ ಹೊಡೆತ ನಿಜದಲ್ಲಿ ಶೇ 98.1ರಷ್ಟು ಸಲ ತಗಲುತ್ತದೆ. 10 ಎಂದು ಕಂಡದ್ದು ಬರೀ ಶೇ 2.1. ಬೇಕಿದ್ದವರು ಕಾಗದದ ಮೇಲೆ ಹತ್ತು ಸಾವಿರ ಜೋಡಿಗಳನ್ನು ಎಣಿಸಿ ನೋಡಬಹುದು. ಆಟ ಸುಳ್ಳು ಹೇಳುತ್ತದೆ, ಆಡುವವರು ‘ಈ ಆಟ ನ್ಯಾಯವಾಗಿದೆ’ ಎನ್ನುತ್ತಾರೆ. 2023ರಲ್ಲಿ ಬಂದ ‘ಬಾಲ್ಡರ್ಸ್ ಗೇಟ್ 3’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸಾಲುಸಾಲು ದುರದೃಷ್ಟ ಬಾರದಂತೆ ದಾಳವನ್ನು ತಿದ್ದುವ ವ್ಯವಸ್ಥೆಗೆ ‘ಕಾರ್ಮಿಕ್ ಡೈಸ್’ ಎಂದೇ ಹೆಸರಿಟ್ಟಿದೆ. ನಮ್ಮ ಕರ್ಮಸಿದ್ಧಾಂತ ಹೀಗೆ ಬೆಲ್ಜಿಯಮ್ಮಿನ ಕಂಪನಿಯೊಂದರ ಆಟದಲ್ಲಿ ಕೆಲಸಕ್ಕೆ ಸೇರಿತು.

ಇನ್ನು ಗಿಂಡಿಯ ಪ್ರಶ್ನೆಗೆ ಬರೋಣ. ಒಂದು ಹೊಡೆತ ತಗಲುವ ಸಂಭವ ಶೇ 75 ಎಂದಿಟ್ಟುಕೊಳ್ಳಿ. ನಾಲ್ಕೇ ಹೊಡೆತಗಳ ಜಗಳದಲ್ಲಿ ಸರಾಸರಿ ಮೂರು ತಗಲಬೇಕು. ಆದರೆ ಎರಡು ತಗಲಿದರೂ ನಾಲ್ಕು ತಗಲಿದರೂ ಆಶ್ಚರ್ಯವಿಲ್ಲ, ಫಲಿತಾಂಶವೇ ಅದಲುಬದಲು. ಅದೇ ನೂರು ಹೊಡೆತಗಳ ದೀರ್ಘ ಯುದ್ಧದಲ್ಲಿ 75 ತಗಲಬೇಕು. ಅಂದಾಜು ನಾಲ್ಕರಷ್ಟು ಹೆಚ್ಚುಕಡಿಮೆ ಮಾಮೂಲು, 60ಕ್ಕೆ ಇಳಿಯುವುದು ಬಲು ವಿರಳ. ಹೊಡೆತಗಳು ಹೆಚ್ಚಿದಷ್ಟೂ ಏರುಪೇರು ಹೆಚ್ಚುವುದು ಅವುಗಳ ವರ್ಗಮೂಲದಷ್ಟು ಮಾತ್ರ. ಆದ್ದರಿಂದ ಒಟ್ಟು ಮೊತ್ತದಲ್ಲಿ ಅದೃಷ್ಟದ ಪಾಲು ತೆಳುವಾಗುತ್ತ ಹೋಗುತ್ತದೆ. ದಾಳ ಒಂದೇ, ಅದನ್ನು ಎಷ್ಟು ಸಲ ಎಸೆಯುತ್ತೀರಿ ಎಂಬುದರ ಮೇಲೆ ಆಟ ಜೂಜಾಗಬಹುದು ಅಥವಾ ವಿದ್ಯೆಯಾಗಬಹುದು. ಕೋರ್ಟು ಹುಡುಕಿದ್ದು ಗುಣವನ್ನು; ಗಣಿತ ಹೇಳುವುದು ಅದು ಎಣಿಕೆಯ ವಿಷಯವೆಂದು.

ಆ ವಿದ್ಯೆ ಏನು? ಚಿಕ್ಕ ಲೆಕ್ಕ ಹಾಕೋಣ, ದಾಳವಿಲ್ಲದೆ. ನಿಮ್ಮವರು ನಾಲ್ವರು, ಪ್ರತಿಯೊಬ್ಬರ ಏಟಿಗೆ 6 ಅಂಕ. ಎದುರಿಗೆ ನಾಲ್ಕು ರಾಕ್ಷಸರು, ಒಬ್ಬೊಬ್ಬರ ಪ್ರಾಣ 12 ಅಂಕ, ಏಟಿಗೆ 3. ಮೊದಲ ಸರದಿ ನಿಮ್ಮದು. ಒಬ್ಬೊಬ್ಬರು ಒಬ್ಬೊಬ್ಬ ರಾಕ್ಷಸನ ಮೇಲೆ ಬಿದ್ದರೆ ಯಾರೂ ಸಾಯುವುದಿಲ್ಲ. ನಾಲ್ವರೂ ತಿರುಗಿ ಹೊಡೆದು 12 ಅಂಕ ಕಿತ್ತುಕೊಳ್ಳುತ್ತಾರೆ, ಎರಡನೆಯ ಸರದಿಯಲ್ಲಿ ಸಾಯುತ್ತಾರೆ. ಇಬ್ಬಿಬ್ಬರು ಕೂಡಿ ಒಬ್ಬೊಬ್ಬನನ್ನು ಹಿಡಿದರೆ ಇಬ್ಬರು ಅಲ್ಲೇ ಉರುಳುತ್ತಾರೆ. ತಿರುಗಿ ಹೊಡೆಯಲು ಉಳಿದವರು ಇಬ್ಬರೇ, ನಷ್ಟ 6 ಅಂಕ. ಅದೇ ಜನ, ಅದೇ ಕತ್ತಿ, ಅಷ್ಟೇ ಸರದಿಗಳು, ಗಾಯ ಮಾತ್ರ ಅರ್ಧ. ಒಬ್ಬನ ಮೇಲೆ ಹಲವರು ಗುರಿಯಿಡಬಲ್ಲ ಯುದ್ಧದಲ್ಲಿ ಸೇನೆಯ ಬಲ ಅದರ ಸಂಖ್ಯೆಯ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂದು ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ ಮೊದಲ ಮಹಾಯುದ್ಧದ ಹೊತ್ತಿನಲ್ಲಿ ತೋರಿಸಿದ್ದ. ಅರೆಜೀವದ ಶತ್ರು ಪೂರ್ಣಜೀವದವನಷ್ಟೇ ಜೋರಾಗಿ ಹೊಡೆಯುತ್ತಾನೆ. ಈ ಒಂದು ಸಂಗತಿ ತಿಳಿದ ದಿನ ಇಂಥ ಆಟ ಅರ್ಧ ಕಲಿತಂತೆ.

ಮತ್ತೆ ಕಂಪ್ಯೂಟರು ಏಕೆ ಸದಾ ಗೆಲ್ಲುವುದಿಲ್ಲ? ಚದುರಂಗದಲ್ಲಿ ಅದು ಮನುಷ್ಯನನ್ನು ಎಂದೋ ಮೀರಿಸಿತಲ್ಲ? ಚದುರಂಗದಲ್ಲಿ ಒಂದು ಸರದಿಗೆ ಸುಮಾರು 35 ನಡೆಗಳ ಆಯ್ಕೆ. ಇಲ್ಲಿ ಒಬ್ಬ ಯೋಧನಿಗೆ ನಿಲ್ಲಲು 20 ಮನೆ, ಮಾಡಲು 3 ಕೆಲಸ ಎಂದರೆ 60 ಆಯ್ಕೆ. ಆರು ಯೋಧರಿಗೆ 60ನ್ನು ಆರು ಸಲ ಗುಣಿಸಿದರೆ 4,600 ಕೋಟಿ ದಾಟುತ್ತದೆ. ಯಾರು ಮೊದಲು ಯಾರು ಆಮೇಲೆ ಎಂಬ ಲೆಕ್ಕ ಇನ್ನೂ ಬಾಕಿ. ಅಷ್ಟನ್ನೂ ಹುಡುಕಲು ಯಂತ್ರಕ್ಕೆ ಪುರುಸೊತ್ತಿಲ್ಲ. ಅದು ಪ್ರತಿ ಆಯ್ಕೆಗೂ ಒರಟು ಅಂಕ ಕೊಡುತ್ತದೆ: ಯಾರನ್ನು ಈಗಲೇ ಕೊಲ್ಲಬಹುದು, ಯಾರಿಗೆ ಹೆಚ್ಚು ಪೆಟ್ಟಾಗುತ್ತದೆ, ಇತ್ಯಾದಿ. ಅನುಭವಿ ಆಟಗಾರ ಆ ದುರಾಸೆಯನ್ನೇ ಬಳಸಿ ಗಟ್ಟಿ ಗುರಾಣಿಯವನನ್ನು ಮುಂದಿಟ್ಟು ಶತ್ರುಗಳನ್ನು ಒಬ್ಬೊಬ್ಬರನ್ನಾಗಿ ಕರೆಸಿಕೊಳ್ಳುತ್ತಾನೆ. ನಿಜ ಹೇಳಬೇಕೆಂದರೆ ತಯಾರಕರಿಗೂ ಬೇಕಿರುವುದು ಸೊಗಸಾಗಿ ಸೋಲುವ ಎದುರಾಳಿಯೇ.

ಸೊಗಸಾಗಿ ಸೋಲಿಸಿಕೊಳ್ಳುವುದು ಸುಲಭವಲ್ಲ. ರೇಸ್ ಕೋರ್ಸಿನವರಿಗೆ ಈ ಕಷ್ಟ ಹಳೆಯದು. ಹ್ಯಾಂಡಿಕ್ಯಾಪ್ ಪಂದ್ಯಗಳಲ್ಲಿ ಚೆನ್ನಾಗಿ ಓಡುವ ಕುದುರೆಯ ಮೇಲೆ ಹೆಚ್ಚು ಭಾರ ಹೊರಿಸುತ್ತಾರೆ. ಹೊರಿಸುವವನ ಆದರ್ಶ ಎಲ್ಲ ಕುದುರೆಗಳೂ ಒಟ್ಟಿಗೆ ಗೆರೆ ಮುಟ್ಟುವುದು. ವಿಡಿಯೊ ಗೇಮಿನಲ್ಲಿ ಇದರ ತಮ್ಮನೆಂದರೆ ನೀವು ಬಲಿತಂತೆ ಶತ್ರುವೂ ಬಲಿಯುವ ಏರ್ಪಾಡು. 2006ರ ‘ಒಬ್ಲಿವಿಯನ್’ ಅದನ್ನು ಅತಿಯಾಗಿ ಮಾಡಿ ಬೈಸಿಕೊಂಡಿತು: ಬೀದಿ ದರೋಡೆಕೋರನೂ ಬೆಲೆಬಾಳುವ ಗಾಜಿನ ಕವಚ ತೊಟ್ಟು ಬಂದರೆ ತಾನು ಬೆಳೆದೆ ಎಂದು ಯಾರಿಗೆ ಅನಿಸೀತು? ಹಾಗೆಂದು ಹೊಂದಿಸದೆ ಬಿಟ್ಟರೆ ಬೇರೆ ತೊಡಕು. ಫೈರ್ ಎಂಬ್ಲಮ್ಮಿನಲ್ಲಿ ಪೆಟ್ಟಿನ ಲೆಕ್ಕ ಬರೀ ಕಳೆಯುವುದು: ಹೊಡೆಯುವವನ ಬಲದಿಂದ ತಾಳುವವನ ರಕ್ಷಣೆಯನ್ನು ಕಳೆಯಿರಿ. ಬಲ 20, ರಕ್ಷಣೆ 15 ಆದರೆ ಪೆಟ್ಟು 5. ರಕ್ಷಣೆ ಮೂರೇ ಅಂಕ ಏರಿ 18 ಆದರೆ ಪೆಟ್ಟು 2. ಇನ್ನೆರಡು ಏರಿದರೆ ಸೊನ್ನೆ, ಶತ್ರು ಇಡೀ ದಿನ ಹೊಡೆದರೂ ಗೀರು ಬೀಳದು. ಕಳೆಯುವ ಲೆಕ್ಕದ ಆಟಗಳು ಬಲುಬೇಗ ಒಂದೋ ಅಸಾಧ್ಯವಾಗುತ್ತವೆ, ಇಲ್ಲವೇ ನೀರಸವಾಗುತ್ತವೆ.

ಕಥೆ ಮುಗಿದ ಮೇಲಿನ ಆಟದಲ್ಲಿ ಈ ತೊಡಕು ಬಯಲಿಗೆ ಬೀಳುತ್ತದೆ. ಮಹಾಭಾರತವನ್ನೇ ತೆಗೆದುಕೊಳ್ಳಿ. ಕುರುಕ್ಷೇತ್ರ ಮುಗಿದ ಮೇಲೇನು? ಕುಮಾರವ್ಯಾಸ ಗದಾಪರ್ವಕ್ಕೆ ನಿಲ್ಲಿಸಿದ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿ ಹೇಳಿದ. ನಮಗೆ ಇಲ್ಲಿ ಹೆಚ್ಚು ಬೇಕಾದವನು ದೇವನೂರಿನ ಲಕ್ಷ್ಮೀಶ. ಅವನ ‘ಜೈಮಿನಿ ಭಾರತ’ದಲ್ಲಿ ಮುಖ್ಯ ಶತ್ರುಗಳೆಲ್ಲ ಸತ್ತಿದ್ದಾರೆ, ಸಿಂಹಾಸನ ಸಿಕ್ಕಿದೆ, ಕಥೆ ಮುಗಿಯಬೇಕು. ಆಗ ಅಶ್ವಮೇಧದ ಕುದುರೆ ಹೊರಡುತ್ತದೆ. ಅದರ ಹಿಂದೆ ಅರ್ಜುನ ಕಾಣದ ರಾಜ್ಯಗಳಿಗೆ ಹೋಗುತ್ತಾನೆ. ಸುಧನ್ವ, ಪ್ರಮೀಳೆ, ತಾಮ್ರಧ್ವಜ ಎದುರಾಗುತ್ತಾರೆ. ಭೀಷ್ಮ, ಕರ್ಣರನ್ನು ದಾಟಿ ಬಂದವನು ಮಣಿಪುರದಲ್ಲಿ ಮಗ ಬಭ್ರುವಾಹನನ ಬಾಣಕ್ಕೆ ಸಾಯುತ್ತಾನೆ, ಆಮೇಲೆ ಬದುಕಿಸಲ್ಪಡುತ್ತಾನೆ. 1977ರ ಚಿತ್ರದಲ್ಲಿ ರಾಜಕುಮಾರ್ ಅಪ್ಪನೂ ಆಗಿ ಮಗನೂ ಆಗಿ ತಮ್ಮೊಡನೆ ತಾವೇ ಕಾದಿದ್ದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕೊನೆಯ ಖಳನಿಗಿಂತ ಬಲವಾದ, ಸೋಲಿಸಲೇಬೇಕೆಂಬ ಒತ್ತಾಯವಿಲ್ಲದ ಎದುರಾಳಿಗೆ ಗೇಮುಗಳಲ್ಲಿ ‘ಸೂಪರ್ ಬಾಸ್’ ಎನ್ನುತ್ತಾರೆ. ಬಭ್ರುವಾಹನ ಅಂಥವನು.

ಯಂತ್ರದೊಳಗಿನ ಬಭ್ರುವಾಹನರಲ್ಲಿ ಹೆಸರಾದದ್ದು ‘ಫೈನಲ್ ಫ್ಯಾಂಟಸಿ 7’ರ (1997) ಎಮರಾಲ್ಡ್ ವೆಪನ್. ಇದು ಚೌಕದ ಹಾಸಿನ ಆಟವಲ್ಲ, ಆದರೂ ಉದಾಹರಣೆ ಸ್ಪಷ್ಟವಾಗಿದೆ. ಕಥೆಯ ಕೊನೆಯ ಖಳ ಸೆಫಿರಾತ್‌ನ ಅಂತಿಮ ರೂಪಕ್ಕೆ ಸುಮಾರು 80,000 ಅಂಕಗಳ ಪ್ರಾಣ. ಸಮುದ್ರದ ತಳದ ಈ ದೈತ್ಯನಿಗೆ ಹತ್ತು ಲಕ್ಷ. ಹನ್ನೆರಡು ಪಟ್ಟಿಗೂ ಹೆಚ್ಚು. ಉದ್ದನೆಯ ಯುದ್ಧ, ನೂರಾರು ಹೊಡೆತ, ಅಂದರೆ ಮೇಲೆ ಹೇಳಿದ ವರ್ಗಮೂಲದ ನಿಯಮ ಇಲ್ಲಿ ಪೂರ್ತಿ ಲಾಗು: ಒಂದೆರಡು ಅದೃಷ್ಟದ ಏಟಿನಿಂದ ಇವನು ಬೀಳುವುದಿಲ್ಲ. ನೀರಿನಡಿ ಉಸಿರಾಡುವ ವಸ್ತು ಹುಡುಕಿ ತರದಿದ್ದರೆ 20 ನಿಮಿಷದ ಗಡುವು ಬೇರೆ. ಕಥೆಯುದ್ದಕ್ಕೂ ಅಡ್ಡಾದಿಡ್ಡಿ ಆಡಿ ಗೆದ್ದವರು, ಯಾವ ಮಂತ್ರ ಯಾವುದರೊಡನೆ ಸೇರಿದರೆ ಏನಾಗುತ್ತದೆ ಎಂದು ಮೊದಲ ಬಾರಿ ಕೂತು ಓದುವುದು ಇವನ ಮುಂದೆ ಸೋತ ಮೇಲೆ.

ಕಥೆ ಹೇಳುವವನಿಗೆ ಎಲ್ಲರನ್ನೂ ದಡ ಮುಟ್ಟಿಸುವ ಹೊಣೆಯಿದೆ, ಹೀಗಾಗಿ ಅವನು ದಾಳವನ್ನು ಗುಟ್ಟಾಗಿ ತಿದ್ದುತ್ತಾನೆ, ಸೋತವರಿಗೆ ರಿಯಾಯಿತಿ ಕೊಡುತ್ತಾನೆ. ಕಥೆ ಮುಗಿದ ಮೇಲೆ ಆ ಹೊಣೆಯಿಲ್ಲ. ನನ್ನ ಮಟ್ಟಿಗೆ ಇಂಥ ಆಟಗಳ ಪ್ರಾಮಾಣಿಕ ಭಾಗ ಶುರುವಾಗುವುದು ಅಲ್ಲಿಂದಲೇ. ಎಲ್ಲವೂ ಹಾಗಿಲ್ಲ ಎಂಬುದೂ ನಿಜ. 1995ರ ‘ಕ್ರೋನೊ ಟ್ರಿಗರ್’ ಬಳಕೆಗೆ ತಂದ ‘ನ್ಯೂ ಗೇಮ್ ಪ್ಲಸ್’ನಲ್ಲಿ ಗಳಿಸಿದ ಬಲವನ್ನೆಲ್ಲ ಇಟ್ಟುಕೊಂಡು ಕಥೆಯನ್ನು ಮೊದಲಿನಿಂದ ಆಡಬಹುದು, ಬೇರೆ ಬೇರೆ ಕೊನೆಗಳನ್ನು ನೋಡುವ ಸುಖವಿದೆ, ಯುದ್ಧದಲ್ಲಿ ಸತ್ವವಿಲ್ಲ. 2003ರ ‘ಡಿಸ್ಗಾಯಾ’ ಇನ್ನೊಂದು ತುದಿ. ಅಲ್ಲಿ ಪಾತ್ರ 9999ನೇ ಹಂತದವರೆಗೆ ಏರಬಹುದು. ಪ್ರತಿ ಕತ್ತಿ, ಪ್ರತಿ ಉಂಗುರದ ಒಳಗೂ ಯಂತ್ರ ಆಗಿಂದಾಗ್ಗೆ ಹೆಣೆಯುವ ಒಂದು ಗವಿಯಿದ್ದು, ಅದರಲ್ಲಿಳಿದು ಗೆದ್ದರೆ ಆ ವಸ್ತುವೇ ಬಲಿಯುತ್ತದೆ. ಸಾಕಾದರೆ ಪಾತ್ರಕ್ಕೆ ಪುನರ್ಜನ್ಮ ಕೊಟ್ಟು ಮತ್ತೆ ಒಂದರಿಂದ ಶುರುಮಾಡಬಹುದು. ಸಂಖ್ಯೆ ಏರುತ್ತದೆ, ಎದುರಾಳಿಯ ಸಂಖ್ಯೆಯೂ ಏರುತ್ತದೆ, ಇಬ್ಬರ ಅಂತರ ಇದ್ದಲ್ಲೇ ಇರುತ್ತದೆ. ಇದನ್ನು ನೂರಾರು ಗಂಟೆ ಸಂತೋಷದಿಂದ ಆಡುವವರಿದ್ದಾರೆ. ನಾನು ಅವರಲ್ಲಿಲ್ಲ.

ಫೈರ್ ಎಂಬ್ಲಮ್ಮಿನ ‘ದಿ ಸೇಕ್ರೆಡ್ ಸ್ಟೋನ್ಸ್’ (2004) ಮಧ್ಯದ ದಾರಿ ಹಿಡಿಯಿತು. ಕಥೆಯಾದ ಮೇಲೂ ಗೋಪುರ, ಪಾಳುಮಂದಿರಗಳ ಮೆಟ್ಟಿಲು ಹತ್ತಿಳಿಯುತ್ತ ಹೋರಾಡಬಹುದು. ಕಥೆಯಲ್ಲಿ ಕೊಂದಿದ್ದ ಕೆಲವು ಎದುರಾಳಿಗಳೇ ಈಗ ನಿಮ್ಮ ಪಾಳಯ ಸೇರುತ್ತಾರೆ. ನಿಮ್ಮ ಯೋಧ ಸತ್ತರೆ ಸತ್ತಂತೆಯೇ ಎಂಬ ನಿಯಮ ಅಲ್ಲೂ ಸಡಿಲವಾಗುವುದಿಲ್ಲ, ಆದ್ದರಿಂದ ಒಂದೇ ಒಂದು ಕೆಟ್ಟ ದಾಳಕ್ಕೂ ಬೆಲೆಯಿದೆ.

ಆ ದಾಳದ ಬಗ್ಗೆ ಇನ್ನೊಂದು ಮಾತು ಉಳಿದಿದೆ. ಯಂತ್ರದೊಳಗೆ ನಿಜವಾದ ದಾಳ ಇರುವುದಿಲ್ಲ. ಒಂದು ಆರಂಭ ಸಂಖ್ಯೆಯನ್ನು ಸೂತ್ರಕ್ಕೆ ಹಾಕಿ, ಬಂದದ್ದನ್ನು ಮತ್ತೆ ಅದೇ ಸೂತ್ರಕ್ಕೆ ಹಾಕುತ್ತ ಹೋದರೆ ಯದ್ವಾತದ್ವಾ ಕಾಣುವ ಸಾಲು ಹುಟ್ಟುತ್ತದೆ. ಕಾಣುವುದು ಹಾಗೆ, ಇರುವುದು ಮೊದಲೇ ನಿಗದಿಯಾದ ಸಾಲು. ಗೇಮ್‌ಬಾಯ್ ಅಡ್ವಾನ್ಸ್ ಎಂಬ ಕೈಯಲ್ಲಿ ಹಿಡಿದಾಡುವ ಯಂತ್ರದ ಕಾಲದ ಫೈರ್ ಎಂಬ್ಲಮ್ ಆಟಗಳಲ್ಲಿ ಯೋಧ ನಡೆಯಬೇಕಾದ ದಾರಿಯ ಗುರುತನ್ನು ಪರದೆಯ ಮೇಲೆ ಸುತ್ತಿ ಬಳಸಿ ಎಳೆದರೆ ಆ ಸಾಲಿನ ಕೆಲವು ಸಂಖ್ಯೆಗಳು ಸುಮ್ಮನೆ ಖರ್ಚಾಗುತ್ತವೆ ಎಂದು ಆಟಗಾರರು ಪತ್ತೆ ಹಚ್ಚಿದರು. ಆಟವನ್ನು ಆದಷ್ಟು ಬೇಗ ಮುಗಿಸುವ ಪಣ ತೊಟ್ಟವರು ಯೋಧನನ್ನು ಕದಲಿಸುವ ಮೊದಲು ಗುರುತನ್ನು ಹಿಂದೆ ಮುಂದೆ ಆಡಿಸಿ, ಕೆಟ್ಟ ಸಂಖ್ಯೆಗಳನ್ನು ಎಣಿಸಿ ಸುಟ್ಟು, ನೂರರಲ್ಲಿ ಎರಡು ಸಲ ಬೀಳುವ ಏಟನ್ನು ಬೇಕಾದ ಗಳಿಗೆಗೇ ಬೀಳಿಸುತ್ತಾರೆ.