ಕಾಳಿಘಾಟಿನ ಗರಿಕೆ, ಆಲಿಪುರದ ಹುಲ್ಲುಹಾಸು

ಕೋಲ್ಕತ್ತದಲ್ಲಿ ಸೂರ್ಯ ನಮ್ಮ ಬೆಂಗಳೂರಿಗಿಂತ ಮುಕ್ಕಾಲು ಗಂಟೆ ಮೊದಲೇ ಹುಟ್ಟುತ್ತಾನೆ. ಸೆಪ್ಟೆಂಬರಿನ ಒಂದು ಬೆಳಗ್ಗೆ ಐದೂವರೆಗೆ ಕಾಳಿ ಟೆಂಪಲ್ ರಸ್ತೆಗೆ ಕಾಲಿಟ್ಟಾಗ ಚೆನ್ನಾಗಿ ಬೆಳಕಾಗಿತ್ತು. ರಾತ್ರಿಯ ಮಳೆಗೆ ನೆಲ ಇನ್ನೂ ಜಾರುತ್ತಿತ್ತು. ಪೂಜೆ ಸಾಮಾನಿನ ಅಂಗಡಿಯವರು ಕೆಂಪು ದಾಸವಾಳದ ಮಾಲೆಗಳನ್ನು ತೂಗುಹಾಕಿ, ಪೇಡಾದ ತಟ್ಟೆ ಜೋಡಿಸುತ್ತಿದ್ದರು. ಈಗಿರುವ ಗುಡಿ ಕಟ್ಟಿ ಮುಗಿದದ್ದು 1809ರಲ್ಲಿ. ಅದರ ದಾರಿಯ ತಿರುವಿನಲ್ಲಿ ಅಜ್ಜಿಯೊಬ್ಬರು ಗೋಣಿತಾಟಿನ ಮೇಲೆ ಕೂತು ಗರಿಕೆ ಆಯುತ್ತಿದ್ದರು. ಮೂರೆಸಳಿನ ಕುಡಿಗಳು ಒಂದು ಕಡೆ, ಬೇಡವಾದವು ಇನ್ನೊಂದು ಕಡೆ.

ಬೇಡವಾದವುಗಳಲ್ಲಿ ಒಂದೆರಡನ್ನು ಎತ್ತಿಕೊಂಡು "ಇವೇಕೆ ಬೇಡ, ಮಾಶಿ?" ಎಂದು ಹರಕು ಬಂಗಾಳಿಯಲ್ಲಿ ಕೇಳಿದೆ. "ದಾಗ್ ಆಛೇ, ಬಾಬಾ" ಎಂದರು. ಕಲೆ ಇದೆ ಮಗಾ, ಅಂತ. ಎಸಳನ್ನು ಬೆಳಕಿಗೆ ಹಿಡಿದರೆ ಸಣ್ಣ ಕಂದು ಚುಕ್ಕೆಗಳು, ಕೆಲವುಗಳ ನಡುವೆ ಬೂದು ಬಣ್ಣ. ಬೈಪೊಲಾರಿಸ್ ಎಂಬ ಶಿಲೀಂಧ್ರದ ಗುಂಪು ಹುಲ್ಲಿನ ಮೇಲೆ ಮೂಡಿಸುವುದು ಇಂಥ ಚುಕ್ಕೆಗಳನ್ನೇ.

ಬಂಗಾಳದಲ್ಲಿ ಹಿರಿಯರು ತಲೆಯ ಮೇಲೆ ಧಾನ್-ದುರ್ಬಾ ಇಟ್ಟು ಹರಸುತ್ತಾರೆ. ಧಾನ್ ಎಂದರೆ ಭತ್ತ, ದುರ್ಬಾ ಎಂದರೆ ನಮ್ಮ ಗರಿಕೆ. ಎರಡೂ ಹುಲ್ಲಿನ ಕುಲದವು, ಹಾಗಾಗಿ ಅವುಗಳ ಶತ್ರುಗಳೂ ಬಂಧುಗಳೇ. ಅಜ್ಜಿ ಆಯ್ದು ಎಸೆದ ಚುಕ್ಕೆಯ ಹತ್ತಿರದ ಸಂಬಂಧಿಯೇ ಭತ್ತದ ಕಂದುಚುಕ್ಕೆ ರೋಗ. 1942ರಲ್ಲಿ ಅದು ಬಂಗಾಳದ ಗದ್ದೆಗಳನ್ನು ತಿಂದುಹಾಕಿತು, ಮರುವರ್ಷ ಮಹಾಕ್ಷಾಮ. ಕಟಕ್‌ನ ಭತ್ತ ಸಂಶೋಧನಾ ಸಂಸ್ಥೆಯ ಎಸ್. ವೈ. ಪದ್ಮನಾಭನ್ ಅವರು ಚಿನ್ಸುರಾ ಮತ್ತು ಬಾಂಕುಡಾ ಕೇಂದ್ರಗಳ ಇಳುವರಿ ಲೆಕ್ಕ ತೆಗೆದು 1973ರಲ್ಲಿ ಇದನ್ನು ವಿವರಿಸಿದರು. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1981ರಲ್ಲಿ ಬೇರೆಯೇ ಮಾತು ಹೇಳಿದರು: ಜನ ಸತ್ತದ್ದು ಅಕ್ಕಿ ಇಲ್ಲದೆ ಅನ್ನುವುದಕ್ಕಿಂತ ಅಕ್ಕಿ ಕೊಳ್ಳುವ ಶಕ್ತಿ ಕಳೆದುಕೊಂಡು. ಸೇನ್ ಅವರ ವಾದ ನನಗೆ ಹೆಚ್ಚು ಒಪ್ಪಿಗೆ. ಆದರೂ ಪದ್ಮನಾಭನ್ ಅವರ ಲೆಕ್ಕ ಓದಿದಂದಿನಿಂದ ಹುಲ್ಲಿನ ಮೇಲಿನ ಚುಕ್ಕೆಯನ್ನು ಬರೀ ಅಂದಗೇಡು ಎಂದುಕೊಳ್ಳಲು ನನಗಾಗಿಲ್ಲ.

ಗುಡಿಯ ಹಿಂದೆ ಆದಿಗಂಗೆ. ಒಂದು ಕಾಲಕ್ಕೆ ಗಂಗೆಯೇ ಇಲ್ಲಿ ಹರಿಯುತ್ತಿತ್ತು. ಈಗ ಕಪ್ಪು ನೀರಿನ ನಾಲೆ. ಸೇತುವೆ ದಾಟಿದರೆ ಆಲಿಪುರ. ಗಲ್ಲಿಗಳು ಮುಗಿದು ದೊಡ್ಡ ಮರಗಳು, ಕಾಂಪೌಂಡುಗಳು ಶುರುವಾಗುತ್ತವೆ. ವಿಲಿಯಂ ಕೇರಿ 1820ರಲ್ಲಿ ಹುಟ್ಟುಹಾಕಿದ ಕೃಷಿ-ತೋಟಗಾರಿಕಾ ಸಂಘದ ತೋಟ ಇರುವುದೂ ಇದೇ ಬಡಾವಣೆಯಲ್ಲಿ. ನಾನು ಹೊರಟದ್ದು ಅಲ್ಲಿಗಲ್ಲ, ತೀರ್ಥಹಳ್ಳಿ ಕಡೆಯ ಕುಟುಂಬವೊಂದು ಇರುವ ವಸತಿ ಸಮುಚ್ಚಯಕ್ಕೆ. ಅಲ್ಲಿನ ಹುಲ್ಲುಹಾಸು ಕೊಳೆಯುತ್ತಿದೆ ಎಂದು ಫೋನು ಬಂದಿತ್ತು. ಬಿಸಿಲೇರುವ ಮೊದಲೇ ಬರುತ್ತೇನೆ ಎಂದಿದ್ದೆ. ಹುಲ್ಲಿನ ರೋಗ ನೋಡಬೇಕಾದರೆ ಇಬ್ಬನಿ ಆರುವುದರೊಳಗೆ ಹೋಗಬೇಕು.

ಹೋದದ್ದು ಸಾರ್ಥಕವಾಯಿತು. ತಗ್ಗಿನಲ್ಲಿ ಗರಿಕೆ ಕಪ್ಪಗೆ ಕಂದಿ, ಎಣ್ಣೆ ಚೆಲ್ಲಿದ ಹಾಗೆ ಒಂದಕ್ಕೊಂದು ಅಂಟಿಕೊಂಡಿತ್ತು. ಮುಟ್ಟಿದರೆ ಬೆರಳಿಗೆ ಜಿಡ್ಡು. ಮೇಲೆ ಹತ್ತಿ ಹಿಂಜಿ ಹರಡಿದಂಥ ಬಿಳಿ ಎಳೆ. ಮಚ್ಚೆಗಳು ದುಂಡಗಿರಲಿಲ್ಲ, ನೀರು ಹರಿದ ದಾರಿಯಲ್ಲಿ, ಕತ್ತರಿಸುವ ಯಂತ್ರದ ಚಕ್ರ ಹೋದ ದಾರಿಯಲ್ಲಿ ಪಟ್ಟೆಪಟ್ಟೆಯಾಗಿದ್ದವು. ಇದು ಪಿಥಿಯಂ. ಅರ್ಧ ಗಂಟೆಯಲ್ಲಿ ಬಿಸಿಲು ಬಿದ್ದು ಬಿಳಿ ಎಳೆ ಮಾಯವಾಯಿತು. ಹತ್ತು ಗಂಟೆಗೆ ಬಂದು ನೋಡಿದವರು ಗೊಬ್ಬರ ಸಾಲದೆ ಒಣಗಿದೆ ಎಂದುಕೊಳ್ಳುತ್ತಾರೆ.

"ಎರಡು ಸಲ ಔಷಧಿ ಹೊಡೆಸಿದೆವು. ಏನೂ ಉಪಯೋಗ ಆಗ್ಲಿಲ್ಲ ನೋಡಿ" ಎಂದರು ಮನೆಯಾಕೆ. ಮಾಲಿ ಪೊಟ್ಟಣ ತಂದು ತೋರಿಸಿದ. ಕಾರ್ಬೆಂಡಾಜಿಮ್. ಅಜ್ಜಿಯ ಗರಿಕೆಯ ಚುಕ್ಕೆಯಾಗಲಿ, ಇಲ್ಲಿನ ಕೊಳೆಯಾಗಲಿ, ಅಂಗಡಿಯಲ್ಲಿ 'ಫಂಗಸ್ಸಿಗೆ' ಎಂದರೆ ಸಿಗುವುದು ಅದೇ. ಆದರೆ ಪಿಥಿಯಂ ನಿಜವಾದ ಶಿಲೀಂಧ್ರವೇ ಅಲ್ಲ, ನೀರಿನಲ್ಲಿ ಈಜುವ ಬೀಜಕಗಳಿರುವ ಬೇರೆಯೇ ಗುಂಪಿನ ಜೀವಿ. ಆ ಔಷಧಿ ಅದಕ್ಕೆ ನಾಟುವುದಿಲ್ಲ. "ನಿಮ್ಮ ತೋಟದ ಕೊಳೆರೋಗದ ಹತ್ತಿರದ ನೆಂಟ ಇದು" ಎಂದೆ. ಆಕೆಗೆ ತಟ್ಟನೆ ಅರ್ಥವಾಯಿತು. ಅಡಿಕೆಯ ಕೊಳೆ ತರುವ ಫೈಟಾಫ್ತೊರಾ ಕೂಡ ಇದೇ ಗುಂಪಿನದು.

"ಹಾಗಾದ್ರೆ ಬೋರ್ಡೋ ಹೊಡೆಸಿಬಿಡಲಾ?" ಮಲೆನಾಡಿನವರ ಬಾಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಕೊಳೆರೋಗ ಅಭ್ಯಾಸ ಮಾಡಿ ಮೈಲುತುತ್ತ-ಸುಣ್ಣದ ಆ ದ್ರಾವಣವನ್ನು ತೋಟಗಳಿಗೆ ತಲುಪಿಸಿದರು. ಅಡಿಕೆ ಗೊನೆಗೆ ಸರಿ, ಎಳೆಯ ಹುಲ್ಲಿಗೆ ಬೇಡ ಎಂದೆ. ಹುಲ್ಲುಹಾಸಿಗೆ ಮತ್ತೆ ಮತ್ತೆ ಹೊಡೆದರೆ ತಾಮ್ರ ಮಣ್ಣಿನಲ್ಲಿ ಕೂಡಿಕೊಂಡು ಹುಲ್ಲನ್ನೇ ಸುಡುತ್ತದೆ. ಬೋರ್ಡೋಗೂ ಮೊದಲು ನಮ್ಮವರು ಮಳೆ ತಾಗದಂತೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರಲ್ಲ, ಆ ಬುದ್ಧಿ ಇಲ್ಲಿ ಬೇಕು: ಒದ್ದೆ ತಪ್ಪಿಸುವುದು.

ಹುಲ್ಲಿಗೆ ಕೊಟ್ಟೆ ಕಟ್ಟಲಾಗದು. ಒದ್ದೆ ಇರುವ ಗಂಟೆಗಳನ್ನು ಕಡಿಮೆ ಮಾಡಬಹುದು. ರಾತ್ರಿಯ ಉಷ್ಣತೆ 20 ಡಿಗ್ರಿಯ ಮೇಲಿದ್ದು, ಎಲೆ 12-14 ಗಂಟೆ ಒದ್ದೆಯಾಗಿಯೇ ಉಳಿದರೆ ಪಿಥಿಯಂಗೆ ಹಬ್ಬ. ಇಲ್ಲಿ ಮಳೆಗಾಲದಲ್ಲೂ ಸಂಜೆ ಏಳಕ್ಕೆ ತಾನಾಗಿ ನೀರು ಚಿಮ್ಮುತ್ತಿತ್ತು. ಅದನ್ನು ನಿಲ್ಲಿಸಲು ಹೇಳಿದೆ. ಬೇಸಿಗೆಯಲ್ಲಿ ಬೇಕಾದರೂ ನಸುಕಿನಲ್ಲಿ ಕೊಡಿ, ಬಿಸಿಲಿಗೆ ಎಲೆ ಬೇಗ ಆರುತ್ತದೆ. ಹುಲ್ಲು ಹಸಿರಾಗಲಿ ಎಂದು ತಿಂಗಳಿಗೆರಡು ಸಲ ಯೂರಿಯಾ ಎರಚುತ್ತಿದ್ದರು. ಅದರಿಂದ ಬರುವ ನೀರುನೀರಾದ ಚಿಗುರಿನ ಮೇಲೆ ರೋಗ ಬೇಗ ಹತ್ತುತ್ತದೆ. ಹುಲ್ಲು ಒದ್ದೆಯಿದ್ದಾಗ ಯಂತ್ರ ಹಾಯಿಸಬಾರದು, ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು, ರೋಗದ ಜಾಗವನ್ನು ಕೊನೆಯಲ್ಲಿ ಕತ್ತರಿಸಿ ಯಂತ್ರ ತೊಳೆಯಬೇಕು. ಔಷಧಿ ಬೇಕೇ ಬೇಕೆಂದರೆ ಮೆಟಲಾಕ್ಸಿಲ್ ಇರುವುದು, ಅದೂ ಪದೇಪದೇ ಅಲ್ಲ. ಒಂದನ್ನೇ ಹೊಡೆಯುತ್ತಿದ್ದರೆ ರೋಗಾಣು ಬೇಗ ಜಗ್ಗದಂತಾಗುತ್ತದೆ. ಸಿಂಪಡಿಸಿದ ಜಾಗಕ್ಕೆ ಮಕ್ಕಳನ್ನು ಬರಿಗಾಲಲ್ಲಿ ಬಿಡಬೇಡಿ. ಅಲ್ಲಿನ ಗರಿಕೆಯನ್ನು ಗಣಪತಿಗೆ ಕೀಳುವುದು, ರಸ ಹಿಂಡಿ ಕುಡಿಯುವುದು ಖಂಡಿತ ಬೇಡ.

ಮಾವಿನ ಮರದಡಿಯ ಜಾಗದ ಬಗ್ಗೆ ಮಾತ್ರ ನನ್ನಲ್ಲಿ ಸಮಾಧಾನದ ಉತ್ತರವಿರಲಿಲ್ಲ. ಗರಿಕೆ ಬಿಸಿಲಿನ ಹುಲ್ಲು. ನೆರಳಲ್ಲಿ ಬಡವಾಗಿ ರೋಗಕ್ಕೆ ತುತ್ತಾಗುತ್ತದೆ. ಮರ ಕಡಿಯುವ ಮಾತನ್ನು ನಾನು ಆಡುವವನಲ್ಲ. ಅಲ್ಲಿ ಹುಲ್ಲಿನ ಆಸೆ ಬಿಟ್ಟು ನೆರಳಿನ ಗಿಡ ಹಾಕಿ ಎಂದೆ.

ಮಾಲಿ ಅಷ್ಟರಲ್ಲಿ ಉದ್ದನೆಯ ಬಿದಿರು ತಂದು ಹುಲ್ಲಿನ ಮೇಲೆ ಆಡಿಸಿ ಇಬ್ಬನಿ ಉದುರಿಸತೊಡಗಿದ್ದ. ರೋಗ ಇಲ್ಲದ ಕಡೆ ಮಾತ್ರ ಆಡಿಸು ದಾದಾ, ಇಲ್ಲವಾದರೆ ನೀನೇ ಹಬ್ಬಿಸಿದ ಹಾಗಾಗುತ್ತದೆ ಎಂದೆ. ಅವನು ಬಿದಿರು ಕೆಳಗಿಟ್ಟು, ತಗ್ಗಿನ ಮೂಲೆಗೆ ಹೋಗಿ ಕೂತು, ಮೋರಿಯ ಬಾಯಿಗೆ ಕೈ ಹಾಕಿದ. ಕೊಳೆತ ಎಲೆ, ಮಣ್ಣು, ಒಂದು ಪ್ಲಾಸ್ಟಿಕ್ ಚೀಲ ಈಚೆ ಬಂದವು. ಹುಲ್ಲಿನ ಬುಡದಲ್ಲಿ ನಿಂತಿದ್ದ ನೀರು ಮೊದಲು ನಿಧಾನವಾಗಿ, ಆಮೇಲೆ ಸದ್ದು ಮಾಡುತ್ತ ಒಳಗಿಳಿಯಿತು.